ಮೊದಲನೇ ಸ್ಥಾನದ ದನಿ

"ವರ್ಷವಿಡೀ ದೇಶದ ಮಾರಾಟದ ಪಟ್ಟಿಯಲ್ಲಿ ನಿಮ್ಮ ಮಗಳ ಹಾಡಿನ ಕ್ಯಾಸೆಟ್ಟೇ ಮೊದಲನೇದು. ಮಾರೋದು ನಿಲ್ಲಿಸಿ ಅಂತೀರಲ್ಲ, ತಲೆ ಕೆಟ್ಟಿದೆಯಾ?" ಎಂದು ಕ್ಯಾಸೆಟ್ ಕಂಪನಿಯ ಮಾಲೀಕ ರೇಗಿದ.

ಚೆನ್ನಬಸಪ್ಪ ಕೈಮುಗಿದರು. "ಮಗಳನ್ನ ಮಣ್ಣು ಮಾಡಿ ಬಂದೋನು ಸ್ವಾಮಿ ನಾನು. ಹೋಟ್ಲಲ್ಲಿ, ಆಟೋದಲ್ಲಿ, ಎಲ್ಲೆಲ್ಲೂ ಅವಳದೇ ದನಿ. ಕೇಳಿದಾಗಲೆಲ್ಲ ನನ್ನ ಹೆಂಡತಿ 'ಬಂದ್ಳು' ಅಂತ ಓಡಿಹೋಗಿ ಬಾಗಿಲು ತೆಗೀತಾಳೆ. ನೋಡೋಕಾಗಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ."

ಬೀಳಹೋದವರನ್ನು ಮಾಲೀಕ ಹಿಡಿದೆತ್ತಿದ. ಊರಿನ ಅಂಗಡಿಗಳಿಂದೆಲ್ಲ ಕ್ಯಾಸೆಟ್ಟು ವಾಪಸ್ ತರಿಸಿದ, ಹೋಟೆಲು, ಆಟೋದವರಿಗೆ ಹಾಕಬೇಡಿ ಎಂದು ಹೇಳಿಸಿದ.

ಬೀದಿಯಲ್ಲಿ ಆ ದನಿ ನಿಂತ ಮೊದಲ ಸಂಜೆ ಹೆಂಡತಿ ಚಪ್ಪಲಿ ಮೆಟ್ಟುತ್ತಿದ್ದಳು.

"ಎಲ್ಲಿಗೆ?" ಎಂದರು ಚೆನ್ನಬಸಪ್ಪ.

"ದಿನಾ ಬಾಗಿಲ ತನಕ ಬರ್ತಿದ್ದೋಳು ಇವತ್ತು ಬರ್ಲೇ ಇಲ್ಲ ಕಣ್ರೀ. ಅವಳ ಹತ್ರ ನಾನೇ ಹೋಗ್ತೀನಿ."