ಥರ್ಡ್ ಪಾರ್ಟಿ ಜಡೆ

"ಬಂದೂಕು ಹೊಡೀಲಿ, ಕೆಸರಲ್ಲಿ ತೆವಳಲಿ, ದಿನಾ ಉಗಾಲಿ ಮುದ್ದೆ ತಿನ್ನಲಿ, ನಂದೇನೂ ತಕರಾರಿಲ್ಲ. ಈ ಏಳನೇ ಪಾಯಿಂಟ್ ಮಾತ್ರ ಆಗಲ್ಲ," ಎನ್ನುತ್ತ ಅಂಬುಜಾ ಸರ್ಕಾರದ ಕಾಗದವನ್ನು ಊಟದ ಮೇಜಿನ ಮೇಲೆ ಬೋರಲು ಹಾಕಿದರು.

ಏಳನೇ ಪಾಯಿಂಟ್: ಕೂದಲು ಒಂದು ಇಂಚಿಗಿಂತ ಉದ್ದ ಇರತಕ್ಕದ್ದಲ್ಲ. ಸೋಮವಾರ ಗಿಲ್ಗಿಲ್‌ನ ಶಿಬಿರಕ್ಕೆ ಹೋಗಿ ಮೂರು ತಿಂಗಳ ಮಿಲಿಟರಿ ತರಬೇತಿ ಮುಗಿಸಿದರೆ ಮಾತ್ರ ಮಗಳು ವಿಮಲಾಗೆ ನೈರೋಬಿಯಲ್ಲಿ ಮೆಡಿಕಲ್ ಕಾಲೇಜಿನ ಬಾಗಿಲು ತೆರೆಯುವುದು. ಹೋಗದಿದ್ದರೆ ಸೀಟಿಲ್ಲ. ವಿಮಲಾಳ ಜಡೆ ಮೂರಡಿ. ಮೆಡಿಕಲ್ ಸಿಕ್ಕರೆ ಮುಡಿ ಕೊಡಿಸುತ್ತೇನೆಂದು, ರಿಸಲ್ಟಿನ ಹಿಂದಿನ ದಿನ ಅಂಬುಜಾ ತಿರುಪತಿ ತಿಮ್ಮಪ್ಪನಿಗೆ ಹರಕೆ ಹೊತ್ತಿದ್ದು ಅದೇ ಜಡೆಯನ್ನು.

"ಮಮ್ಮಿ, ಇಟ್ಸ್ ಮೈ ಹೆಡ್!"

"ತಲೆ ನಿಂದು ಕಣೇ. ಕೂದಲು ಅವನದು. ಅವನಿಗೆ ಅಂತ ಎತ್ತಿಟ್ಟಿದ್ದನ್ನ ಮಿಲಿಟ್ರಿಯವರ ಕಸದಬುಟ್ಟಿಗೆ ಹಾಕೋದಾ?"

ವಿಮಲಾಳ ಅಪ್ಪ ಸೂರ್ಯನಾರಾಯಣ ನೈರೋಬಿಯ ಕರೆನ್ ಬಡಾವಣೆಯ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಮೈಸೂರಿನ ಕಾಲೇಜಿನಲ್ಲಿ ಎರಡು ವರ್ಷ ಎನ್‌ಸಿಸಿಯಲ್ಲಿ ಬೂಟು ಸವೆಸಿದ್ದರಿಂದ ಸೈನ್ಯದ ವಿಷಯ ಬಂದರೆ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. "ಸರ್ದಾರ್ ಹುಡುಗರು ಪೇಟ ಬೇಕು ಅಂತ ಕೇಳ್ಕೊಳಲ್ವೇ? ನಾವೂ ಕೇಳೋಣ," ಎಂದವರೇ ಟೈಪ್‌ರೈಟರ್ ಎಳೆದುಕೊಂಡು ಕುಟ್ಟಿ, ಗಂಟಲು ಸರಿಮಾಡಿಕೊಂಡು ಓದಿದರು: "ಸದರಿ ವಿಮಲಾಳ ತಲೆಯ ಮೇಲಿನ ಕೂದಲು ಥರ್ಡ್ ಪಾರ್ಟಿಯೊಬ್ಬರ ಸ್ವತ್ತಾಗಿದ್ದು, ಅವರ ಒಪ್ಪಿಗೆಯಿಲ್ಲದೆ ಕತ್ತರಿಸಲು ಸದರಿಯವಳಿಗೆ ಅಧಿಕಾರವಿರುವುದಿಲ್ಲ."

ವಿಮಲಾ ಹೊಟ್ಟೆ ಮುಂದೆ ಮಾಡಿ, ಕೈ ಹಿಂದೆ ಕಟ್ಟಿ, ಇನ್ನೂ ಕಂಡೇ ಇರದ ಕಮಾಂಡೆಂಟ್ ಆದಳು. ದನಿ ಹೊಕ್ಕುಳಿನಿಂದ ಬಂತು. "ಮಿಸ್ಟರ್ ಸೂರ್ಯ! ವೇರ್ ಈಸ್ ದಿಸ್ ಥರ್ಡ್ ಪಾರ್ಟಿ?"

ಅಪ್ಪ ತನಗರಿವಿಲ್ಲದೆ ಎದ್ದು ನಿಂತರು. "ತಿರುಮಲ ಬೆಟ್ಟದ ಮೇಲೆ, ಸಾರ್."

"ಹಿಲ್ ಸ್ಟೇಷನ್! ಆನ್ ಹಾಲಿಡೇ?"

"ಇಲ್ಲ ಸಾರ್, ಅಲ್ಲೇ ಪರ್ಮನೆಂಟು."

"ಅಂಡ್ ಇಷ್ಟೊಂದು ಹೇರ್, ವಾಟ್ ಡಸ್ ಹಿ ಡೂ ವಿತ್ ಇಟ್?"

ಅಂಬುಜಾ ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ನಕ್ಕ ತಪ್ಪಿಗೆ ಕೂಡಲೇ ಗಲ್ಲ ಗಲ್ಲ ಬಡಿದುಕೊಂಡರು.

ಕಾಗದವನ್ನು ಮೇಷ್ಟ್ರು ಅಂದೇ ಮಟಾಟು ವ್ಯಾನು ಹತ್ತಿ ಹೋಗಿ ತರಬೇತಿಯ ಆಫೀಸಿಗೆ ಮುಟ್ಟಿಸಿ ಬಂದರು. ಗುರುವಾರ ಫೋನು. ಹೆಂಗಸೊಬ್ಬರು, ದೊಡ್ಡ ಅಧಿಕಾರಿ, ಎರಡೇ ಮಾತಿನಲ್ಲಿ ಮುಗಿಸಿದರು: ದೇವರನ್ನು ನಾವು ಎದುರು ಹಾಕಿಕೊಳ್ಳುವುದಿಲ್ಲ. ಜಡೆ ಸುತ್ತಿ ಟೋಪಿಯೊಳಗೆ ಇಟ್ಟುಕೊಳ್ಳಲಿ.

ಮನೆಯಲ್ಲಿ ಕೇಸರಿಬಾತಾಯಿತು. ಆರು ವರ್ಷ ಒಂದೇ ಬೆಂಚಿನಲ್ಲಿ ಕೂತಿದ್ದ, ಈಗ ಅದೇ ಶಿಬಿರಕ್ಕೆ ಹೊರಟಿದ್ದ ಹೆಲನ್‌ಗೆ ವಿಮಲಾ ಫೋನು ಮಾಡಿ, ಅಪ್ಪ, ಅಮ್ಮ, ಕಮಾಂಡೆಂಟ್ ಮೂವರ ದನಿಯಲ್ಲೂ ಕತೆ ಹೇಳಿದಳು. ಹೆಲನ್ ನಕ್ಕು ನಕ್ಕು ಕೆಮ್ಮಿದಳು. ಕೆಮ್ಮು ನಿಂತ ಮೇಲೆ ಇಂಗ್ಲಿಷಿನಲ್ಲಿ ಮೆತ್ತಗೆ ಹೇಳಿದಳು: "ಶಿಬಿರ ತಪ್ಪಿಸಿಕೊಳ್ಳೋಕೆ ಒಬ್ಬರಿಗೆ ಅಸ್ತಮಾ ಸರ್ಟಿಫಿಕೇಟು, ಇನ್ನೊಬ್ಬರಿಗೆ ಚಪ್ಪಟೆ ಪಾದದ ಸರ್ಟಿಫಿಕೇಟು. ನಿಮ್ಮ ಇಂಡಿಯನ್ನರ ಹತ್ತಿರ ಯಾವಾಗಲೂ ಒಂದು ಕಾಗದ ಇರುತ್ತೆ, ವಿಮ್. ಇರಲಿ ಬಿಡು. ನನ್ನ ಪಕ್ಕದ ಮಂಚ ನಿನಗೇ ಹಿಡಿದಿಡ್ತೀನಿ."

ವಿಮಲಾ ಈ ಸಲ ತನ್ನದೇ ದನಿಯಲ್ಲಿ ಬೈ ಹೇಳಿದಳು.

ಫೋನಿಟ್ಟು ನೇರ ಅಡಿಗೆಮನೆಗೆ ಬಂದಳು. "ಅಮ್ಮಾ, ಕತ್ತರಿ ಎಲ್ಲಿ?"

"ಪರ್ಮಿಷನ್ ಬಂತಲ್ಲೇ!"

"ಅದಕ್ಕೇ. ಹೋದರೆ ಎಲ್ಲರ ಹಾಗೆ ಹೋಗ್ತೀನಿ. ಇಲ್ಲಾಂದ್ರೆ ಹೋಗೋದೇ ಇಲ್ಲ, ಸೀಟೂ ಬೇಡ."

ಹುಟ್ಟಿದಾಗಿನಿಂದ ಅವಳು ಇಷ್ಟುದ್ದ ಕನ್ನಡ ಒಂದೇ ಉಸಿರಿಗೆ ಆಡಿರಲಿಲ್ಲ. ಅಂಬುಜಾ ಒಲೆ ಆರಿಸಿ, ಕತ್ತರಿ ತೋರಿಸಿ, ಹೊರಗೆ ನಡೆದರು.

ಭಾನುವಾರ ಲೊರೆಶೋ ಬಡಾವಣೆಯ ತಮ್ಮ ಮನೆಯ ವರಾಂಡದಲ್ಲಿ ಕ್ರಾಪು ಹೊಡೆದವರು ಮೇಷ್ಟ್ರೇ. ಎಡಕ್ಕೆ ಬಲ ಸಮ ಮಾಡುತ್ತ, ಬಲಕ್ಕೆ ಎಡ ಸಮ ಮಾಡುತ್ತ, ಗಣಿತದ ಹಟಕ್ಕೆ ಬಿದ್ದು ಒಂದಿಂಚನ್ನು ಕಾಲಿಂಚಿಗೆ ಇಳಿಸಿದರು. ವಿಮಲಾ ತಲೆ ಸವರಿಕೊಂಡು, ಗಾಳಿ ಇಲ್ಲೆಲ್ಲ ಓಡಾಡುತ್ತದೆಂದು ಗೊತ್ತೇ ಇರಲಿಲ್ಲ ಎಂಬಂತೆ ಕಿಲಕಿಲ ನಕ್ಕಳು. ಅಂಬುಜಾ ಮಾತ್ರ ಜಡೆಯನ್ನು ಹೊಸ ಪಂಚೆಯ ತುಂಡಿನಲ್ಲಿ ಕಟ್ಟಿ ದೇವರ ಮುಂದಿಟ್ಟು ಕೂತೇಬಿಟ್ಟರು. "ಬೆಟ್ಟದ ಮೇಲೆ ಆಗಬೇಕಾದ್ದು ವರಾಂಡದಲ್ಲಾಯ್ತು. ಇದು ಸಲ್ಲುತ್ತೋ ಇಲ್ಲವೋ, ಯಾರನ್ನ ಕೇಳಲಿ?" ಮಗಳ ತಲೆಯ ಕಡೆ ತಿರುಗಿಯೂ ನೋಡಲಿಲ್ಲ.

ಸೋಮವಾರ ಬೆಳಿಗ್ಗೆ, ಹೊರಡುವ ಬಸ್ಸಿನ ಪಕ್ಕದಲ್ಲೂ ನೋಡಲಿಲ್ಲ. ವಿಮಲಾ ಬಸ್ಸು ಹತ್ತಿದ ಮೇಲೆ ಕಣ್ಣೆತ್ತಿದರೆ, ಯಾವುದು ತಮ್ಮ ಮಗಳ ತಲೆ ಎಂದೇ ತಿಳಿಯಲಿಲ್ಲ. ಕಿಟಕಿ ಕಿಟಕಿಗೂ ನುಣ್ಣಗೆ ಕತ್ತರಿಸಿದ ತಲೆಗಳು, ಅರವತ್ತು. ಎಲ್ಲವೂ ಮನೆ ಬಿಟ್ಟು ಬಂದವು, ಎಲ್ಲವೂ ಹೆದರಿದವು, ಎಲ್ಲವೂ ಏನೋ ಬೇಡಿಕೊಂಡು ಹೊರಟವು. ಬಾಗಿಲಲ್ಲಿ ನಿಂತ, ತರಬೇತಿ ಕೊಡುವಾಕೆ, ಒಬ್ಬರು ಕೂಗಿದ್ದನ್ನು ಎಲ್ಲರೂ ತಿರುಗಿ ಕೂಗುವ ಪಾಠವನ್ನು ಆಗಲೇ ಶುರು ಮಾಡಿದ್ದಳು. ಅಂಬುಜಾರ ಎರಡೂ ಕೈ ತಾವಾಗಿ ನೆತ್ತಿಯ ಮೇಲೆ ಜೋಡಿದವು.

"ಗೋವಿಂದಾ... ಗೋವಿಂದ!"

ಬಸ್ಸಿನ ಗಾಜುಗಳು ಅದುರುವಂತೆ ಅರವತ್ತು ಗಂಟಲು ಒಟ್ಟಿಗೆ ಉತ್ತರ ಕೊಟ್ಟವು:

"ಗೋವಿಂದ!"