ಅಂಗೈಯಲ್ಲಿ ಉಳಿದ ಸಂಜೆ

ಶಾಲೆ ಮುಗಿಸಿ ಬಂದ ಮಕ್ಕಳು ಆಟದ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎಂದಿನಂತೆ, ಅಲ್ಲಿ ತಮ್ಮನ್ನು ನೋಡಿಕೊಳ್ಳುವ ವಿಶಾಲಾಕ್ಷಿಗೆ ತಮ್ಮ ತಮ್ಮ ಹೆಸರು ಹೇಳತೊಡಗಿದರು. ಹೇಳದಿದ್ದರೆ ಅವಳಿಗೆ ಗೊತ್ತಾಗುತ್ತಿರಲಿಲ್ಲ. ದಿನಾ ಸಂಜೆ ಕರೆದೊಯ್ಯಲು ಬಂದ ಅಪ್ಪ ಅಮ್ಮಂದಿರು ಅವಳ ಅಂಗೈಗೆ ಅಂಗೈ ಒತ್ತುತ್ತಿದ್ದರು. ಒತ್ತಿದೊಡನೆ, ಅಂದು ಮಗು ಆಡಿದ್ದು, ಬಿದ್ದದ್ದು, ನಕ್ಕದ್ದೆಲ್ಲ ಅವರ ನೆನಪಿಗೆ ಹೋಗಿಬಿಡುತ್ತಿತ್ತು. ವಿಶಾಲಾಕ್ಷಿಯ ತಲೆಯಲ್ಲಿ ಆ ಮಗುವಿನ ಹೆಸರೂ ಉಳಿಯುತ್ತಿರಲಿಲ್ಲ.

ನಿನ್ನೆ ಮಾತ್ರ ಒಬ್ಬ ತಂದೆ, ಮಗಳು ಆಚೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ, ದನಿ ತಗ್ಗಿಸಿ, "ಇವತ್ತು ಬೇಡ ಬಿಡಿ ಮೇಡಂ, ತಲೆ ತುಂಬಿಹೋಗಿದೆ," ಎಂದಿದ್ದ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ, ನಿನ್ನೆ ಮನೆಗೆ ಹೋಗುವ ಬಸ್ಸಿನಲ್ಲಿ ವಿಶಾಲಾಕ್ಷಿಯ ಜೊತೆ ಒಂದು ಮಗುವಿನ ನಗು ಬಂದಿತ್ತು.

ಆ ಹುಡುಗಿ ಈಗ ಬಾಗಿಲಿಗೆ ಬಂದು ಹೆಸರು ಹೇಳಲು ಬಾಯಿ ತೆರೆದಳು. ವಿಶಾಲಾಕ್ಷಿಗೆ ತಡೆಯಲಾಗಲಿಲ್ಲ.

"ಬಾರೇ ಇಬ್ಬನಿ, ನಿನ್ನೆ ಕುಂಟೆಬಿಲ್ಲೆಯಲ್ಲಿ ನನ್ನನ್ನೇ ಸೋಲಿಸಿಬಿಟ್ಟೆಯಲ್ಲ."

ಹುಡುಗಿಯ ಮುಖ ಅರಳಿತು. ಆಮೇಲೆ ಮೆಲ್ಲಗೆ ಬಾಡಿತು.

"ನೀನು ಆಡಿದ್ದೆಲ್ಲ ನೋಡಿದೆ ಅಂತ ನಿನ್ನೆ ರಾತ್ರಿ ಅಪ್ಪ ಹೇಳಿದ್ರಲ್ಲ, ಆಂಟಿ," ಎಂದಳು.