ಸತ್ತ ಮೇಲಿನ ಮನೆಹೆಸರು

“ಮೇಲುಗಡೆ ಜಾಂಗ್ ಅಂತ ತಾನೆ ಅಕ್ಕಾ?” ಎಂದು ಕೇಳುತ್ತಲೇ ಕಲ್ಲುಕುಟಿಗ ಆಶೂಳ ಗಂಡನ ಗೋರಿಕಲ್ಲಿನ ಮೇಲೆ ಆ ಚೀನೀ ಅಕ್ಷರದ ಎಡಭಾಗದ ಬಿಲ್ಲಿನಾಕಾರವನ್ನು ಸೀಮೆಸುಣ್ಣದಲ್ಲಿ ಗೀಚಿಬಿಟ್ಟಿದ್ದ.

ಆಶೂ ಹೂಂ ಅನ್ನುವಷ್ಟರಲ್ಲಿ ಮೈದುನ ಅಡ್ಡಬಾಯಿ ಹಾಕಿದ. “ಬೇಡ. ಲಿಯಾವ್ ಅಂತಲೇ ಇರ್ಲಿ.”

ತೈವಾನಿನ ಶೀಲುವೊ ಊರಿನ ಅವರ ವಂಶದವರೆಲ್ಲ ಬದುಕಿರುವಷ್ಟು ದಿನ ಲಿಯಾವ್, ಸತ್ತ ಮೇಲೆ ಜಾಂಗ್. ಅವರ ಮೂಲಪುರುಷ ಜಾಂಗ್ ಕುಲದಲ್ಲಿ ಹುಟ್ಟಿ, ಲಿಯಾವ್ ಮನೆಗೆ ಮನೆಯಳಿಯನಾಗಿ ಬಂದವನು. ಅನ್ನ ಹಾಕಿದವರ ಹೆಸರು ಬದುಕಿಗೆ, ಹೆತ್ತವರ ಹೆಸರು ಗೋರಿಗೆ ಎಂದು ಹೇಳಿಹೋಗಿದ್ದ.

“ಯಾಕೆ ಬೇಡ?”

“ಅಣ್ಣ ದತ್ತು ಬಂದೋನು ಅತ್ತಿಗೆ. ನಮ್ಮ ರಕ್ತ ಅಲ್ಲ. ಜಾಂಗ್ ಅಂತ ಕೆತ್ತಿಸಿದ್ರೆ ದಾಯಾದಿಗಳು ಆಡ್ಕೋತಾರೆ.”

“ನಲವತ್ತು ವರ್ಷ ನಿಮ್ಮಣ್ಣ ನಿಮ್ಮ ಮನೆ ವ್ಯಾಪಾರದ ಸೋಯಾ ಸಾಸ್ ಜಾಡಿ ಹೊತ್ತು ಬೆನ್ನು ಮುರ್ಕೊಂಡ್ರಲ್ಲ, ಆಗ ಯಾರ ರಕ್ತ ಅಂತ ಕೇಳಿದ್ಯಾ?” ಆಶೂ ದನಿ ಏರಿಸಿದಳು. ಬದುಕಿದ್ದಾಗ ಒಳಗಿದ್ದವನನ್ನು ಸತ್ತ ಮೇಲೆ ಹೊಸ್ತಿಲಾಚೆ ತಳ್ಳುತ್ತಾರಲ್ಲ ಎಂಬುದೇ ಅವಳ ಸಿಟ್ಟು.

ನೆರಳಲ್ಲಿ ಗಾಲಿಕುರ್ಚಿಯ ಮೇಲೆ ತೂಕಡಿಸುತ್ತಿದ್ದ ತೊಂಬತ್ತರ ಅತ್ತೆ ಕಣ್ಣು ಬಿಟ್ಟರು.

“ಲಿಯಾವೂ ಬೇಡ, ಜಾಂಗೂ ಬೇಡ. ಲಿನ್ ಅಂತ ಕೆತ್ತಪ್ಪಾ. ಎರಡು ಮರ ಒತ್ತೊತ್ತಿಗೆ ನಿಂತಿರುತ್ತಲ್ಲ, ಆ ಲಿನ್.”

ಮೈದುನ ಬೆಚ್ಚಿದ. “ಅಣ್ಣ ಹುಟ್ಟಿದ ಮನೆ ಯಾವ್ದೋ ಮರ್ತೇಹೋಯ್ತು ಅಂತಿದ್ಯಲ್ಲಮ್ಮಾ!”

“ಮದುವೆಗೆ ಮುಂಚೆ ಒಂದ್ಸಲ ಕೇಳಿದ. ಮಗು ಹುಟ್ಟಿದಾಗ ಇನ್ನೊಂದ್ಸಲ. ಎರಡು ಸಲಾನೂ ಸುಳ್ಳು ಹೇಳಿದೆ. ಹೇಳಿದ್ರೆ ಎಲ್ಲಿ ಹೊರಟುಹೋಗ್ತಾನೋ ಅಂತ ಭಯ ಕಣೋ.” ಮುದುಕಿ ಅಂಗಿಯ ತೋಳಿನಿಂದಲೇ ಮೂಗೊರೆಸಿಕೊಂಡರು. “ಇನ್ನೆಲ್ಲಿಗೆ ಹೋಗ್ತಾನೆ? ಸಾಕಿದೋರ ಹೆಸರು ಹೊತ್ತಿದ್ದಾಯ್ತು. ಹೆತ್ತೋರದ್ದು ಅವನಿಗೆ ಕೊಟ್ಬಿಡಿ.”

ಜಾಂಗ್‌ಗಾಗಿ ಜಗಳಕ್ಕೆ ನಿಂತಿದ್ದ ಆಶೂಗೆ ಗಂಡನ ನೆನಪಾಯಿತು. ಪ್ರತಿ ವರ್ಷ ಹಿರಿಯರ ಗೋರಿ ಗುಡಿಸುವ ದಿನ, ಎಲ್ಲರೂ ಊದುಬತ್ತಿ ಹಚ್ಚುವಾಗ, ಗಂಡ ಪೊರಕೆ ಹಿಡಿದು ಒಂದು ಮಾರು ದೂರವೇ ನಿಲ್ಲುತ್ತಿದ್ದ. ಅವಳು ಕಲ್ಲುಕುಟಿಗನ ಕಡೆ ತಲೆಯಾಡಿಸಿದಳು. ಅವನು ಬಿಲ್ಲನ್ನು ಅಂಗೈಯಿಂದ ಒರೆಸಿದ.

“ಆ ಮನೆಯೋರು ಯಾರಾದ್ರೂ ಉಳಿದಿದ್ದಾರಾ ಅತ್ತೆ?”

“ಅವನ ಅಕ್ಕ ಇದ್ದಾಳಲ್ಲ, ಮಾರ್ಕೆಟ್ ಮೂಲೇಲಿ ಶುಂಠಿ ಮಾರೋಳು. ಅವಳ ಹತ್ರ ಚೌಕಾಸಿ ಮಾಡ್ಬೇಡ ಅಂತ ಇಷ್ಟು ವರ್ಷ ನಿಂಗೆ ಯಾಕೆ ಹೇಳ್ತಿದ್ದೆ ಅಂದ್ಕೊಂಡೆ?”